ಸೇಂಟ್ ಜಸ್ಟ್ ಗಣಿ ಪ್ರದೇಶದ ಭೇಟಿ: ಸದಸ್ಯರ ಗಮನಕ್ಕೆ

ಎಲ್ಲ ಸದಸ್ಯರಿಗೂ ನಮಸ್ಕಾರ.

ಇಂಗ್ಲೆಂಡಿನ ಕಾರ್ನ್‌ವಾಲ್‌ನ ಸೇಂಟ್ ಜಸ್ಟ್ ಭೇಟಿಗೆ ಹೆಸರು ಕೊಟ್ಟಿರುವವರು ಬರುವ ಭಾನುವಾರ ಬೆಳಿಗ್ಗೆ 9 ಗಂಟೆಗೆ ಪೆನ್ಜಾನ್ಸ್ ರೈಲು ನಿಲ್ದಾಣದ ಎದುರು ಸೇರಬೇಕಾಗಿ ವಿನಂತಿ. ಸಮುದ್ರದ ತಳದಡಿಗೆ ಸುರಂಗ ಕೊರೆದು ತವರ, ತಾಮ್ರ ತೆಗೆಯುತ್ತಿದ್ದ ಬೊಟಾಲಕ್‌ನಲ್ಲಿ ಕಡಿದಾದ ಬಂಡೆಯ ಮೇಲೆ ಇಂದಿಗೂ ನಿಂತಿರುವ ಎರಡು ಎಂಜಿನ್ ಮನೆಗಳನ್ನು (ಗಣಿಯ ಉಗಿಯಂತ್ರಗಳಿದ್ದ ಕಟ್ಟಡಗಳು) ನೋಡಿಕೊಂಡು, 1919ರ ಅಪಘಾತದಲ್ಲಿ 31 ಕಾರ್ಮಿಕರು ಮಡಿದ ಲೆವಂಟ್ ಗಣಿಯ ಮಾರ್ಗವಾಗಿ, 1990ರಲ್ಲಿ ಕೆಲಸ ನಿಲ್ಲಿಸಿ ಈಗ ವಸ್ತುಸಂಗ್ರಹಾಲಯವಾಗಿರುವ ಗೀವರ್ ಗಣಿಗೆ ಕರಾವಳಿಯ ಕಾಲುದಾರಿಯಲ್ಲೇ ನಡೆದು ಹೋಗುತ್ತೇವೆ.

ಗಟ್ಟಿ ಹಿಡಿತದ ಬೂಟು, ಮಳೆ ಅಂಗಿ ಕಡ್ಡಾಯ; ಅಲ್ಲಿನ ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಹಳೆಯ ಗಣಿಬಾವಿಗಳಿರುವುದರಿಂದ ಫೋಟೊಗಾಗಿಯೂ ದಾರಿ ಬಿಟ್ಟು ಇಳಿಯಬಾರದು. ಗೀವರ್‌ನ ಇಕ್ಕಟ್ಟಾದ ಸುರಂಗಕ್ಕೆ ಬರಲು ಇಷ್ಟವಿಲ್ಲದವರು, ಮಕ್ಕಳನ್ನು ಕರೆತರುವವರು ಗುರುವಾರ ಸಂಜೆಯೊಳಗೆ ಇಲ್ಲಿಯೇ ತಿಳಿಸಬೇಕು.