ಪುಟ್ಟ ಸ್ಕೌಟ್ ಸೇರುವ ಮುಂಚೆ

ಕ್ಯಾರಿ, ನಾರ್ತ್ ಕ್ಯಾರೊಲಿನಾ
ಏಪ್ರಿಲ್ 2025

ಚಿರಂಜೀವಿ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ವೀಸಾ ಬಂತು, ಜೂನ್ ಕೊನೆಗೆ ಹೊರಡುತ್ತೇವೆ ಅಂದೆಯಲ್ಲ, ಆಗಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಇಲ್ಲಿಗೆ ಬಂದ ಮೇಲೆ ಪುಟ್ಟನನ್ನು ಸ್ಕೌಟ್‌ಗೆ ಸೇರಿಸೋಣವಾ ಅಂತ ನೀನು ಕೇಳಿದ್ದೆ. ಖಂಡಿತ ಸೇರಿಸು. ಆದರೆ ಸೇರಿಸುವ ಮುಂಚೆ ನೀವಿಬ್ಬರೂ ಕೂತು ಇದನ್ನು ಓದಿ. ನಮ್ಮ ಟ್ರೂಪಿಗೆ, ಅಂದರೆ ಇಲ್ಲಿಯ ಸ್ಕೌಟ್ ಮಕ್ಕಳ ತಂಡಕ್ಕೆ, ಹೊಸದಾಗಿ ಬರುವ ಮನೆಯವರಿಗೆಲ್ಲ ತಿಳಿಸಿ ಹೇಳುವ ಕೆಲಸ ನನ್ನದೇ. ಅವರಿಗೆ ಇಂಗ್ಲಿಷಿನಲ್ಲಿ ಹೇಳುವುದನ್ನು ನಿನಗೆ ಕನ್ನಡದಲ್ಲಿ, ಸ್ವಲ್ಪ ಜಾಸ್ತಿಯೇ ಬಿಚ್ಚಿ ಹೇಳುತ್ತೇನೆ.

ನಾವು ಅಪ್ಪ ನಡೆಸಿದ ಸ್ಕೌಟ್ ನೋಡಿ ಬೆಳೆದವರು. ಅಲ್ಲಿ ಅದು ಶಾಲೆಯದೇ ಕೆಲಸ. ಮೇಷ್ಟ್ರೇ ಸ್ಕೌಟ್ ಮಾಸ್ಟರ್, ಕೊಂಡಜ್ಜಿ ಕ್ಯಾಂಪಿಗೆ ಹೋಗಬೇಕೆಂದರೆ ಹೆಡ್‌ಮಾಸ್ಟರ್ ಒಪ್ಪಬೇಕು. ಇಲ್ಲಿ ಟ್ರೂಪ್ ನಡೆಸುವುದು ಶಾಲೆಯ ಮೇಷ್ಟ್ರಲ್ಲ. ಅಪ್ಪ-ಅಮ್ಮಂದಿರೇ ಸಂಬಳವಿಲ್ಲದೆ ದುಡಿಯುತ್ತಾರೆ. ಪ್ರತಿ ಟ್ರೂಪಿಗೂ ಒಂದು ಸಂಸ್ಥೆಯ ಆಸರೆ ಇರಬೇಕು. ಜಾಗ ಕೊಡುವುದು, ಮುಖಂಡರನ್ನು ಒಪ್ಪುವುದು ಆ ಸಂಸ್ಥೆಯ ಹೊಣೆ. ನಮ್ಮ ಟ್ರೂಪಿಗೆ ಆಸರೆ ಒಂದು ಚರ್ಚ್. "ಚರ್ಚ್‌ನಲ್ಲಾ?" ಅಂತ ಅಮ್ಮ ಕೇಳೇ ಕೇಳುತ್ತಾಳೆ. ಹೌದು, ಸೋಮವಾರ ಸಂಜೆ ಅದರ ಸಭಾಂಗಣದಲ್ಲಿ ಸೇರುತ್ತೇವೆ. ದೇವರ ಮೇಲೆ ಭಕ್ತಿ ಇರಲಿ ಅನ್ನುವುದು ಸ್ಕೌಟ್ ನಿಯಮದಲ್ಲೇ ಇದೆ, ಯಾವ ದೇವರು ಅನ್ನುವುದು ಆಯಾ ಮನೆಗೆ ಬಿಟ್ಟದ್ದು. ನಮ್ಮ ಟ್ರೂಪಿನಲ್ಲಿ ಹಿಂದೂ, ಮುಸ್ಲಿಂ, ಯಹೂದಿ ಮಕ್ಕಳೆಲ್ಲ ಇದ್ದಾರೆ. ಹಿಂದೂ ಮಕ್ಕಳು ತಮ್ಮ ಧರ್ಮ ತಿಳಿದುಕೊಂಡು ಪಡೆಯುವ ಪದಕವೂ ಇದೆ.

ಹೆಸರಿನ ಬಗ್ಗೆ ಗಲಿಬಿಲಿ ಬೇಡ. 1910ರಲ್ಲಿ ಬಾಯ್ ಸ್ಕೌಟ್ಸ್ ಆಫ್ ಅಮೆರಿಕ ಅಂತ ಶುರುವಾದದ್ದು, 2025ರ ಫೆಬ್ರವರಿ 8ರಿಂದ ಸ್ಕೌಟಿಂಗ್ ಅಮೆರಿಕ ಆಗಿದೆ. 11ರಿಂದ 17 ವಯಸ್ಸಿನವರಿಗೆ ಟ್ರೂಪ್. ಅದಕ್ಕಿಂತ ಚಿಕ್ಕವರಿಗೆ ಕಬ್ ಸ್ಕೌಟ್, ಅವರ ಗುಂಪಿಗೆ ಪ್ಯಾಕ್ ಅನ್ನುತ್ತಾರೆ. 2018ರಿಂದ ಕಬ್ ಸ್ಕೌಟ್‌ಗೆ, 2019ರಿಂದ ದೊಡ್ಡ ಮಕ್ಕಳ ಟ್ರೂಪಿಗೆ ಹುಡುಗಿಯರೂ ಸೇರಬಹುದು. ಪುಟ್ಟಿಯನ್ನು ಪ್ಯಾಕಿಗೆ ಸೇರಿಸಬಹುದು. ಗರ್ಲ್ ಸ್ಕೌಟ್ಸ್ ಅನ್ನುವುದು ಬೇರೆಯದೇ ಸಂಸ್ಥೆ, ಬಂದ ಮೇಲೆ ಎರಡನ್ನೂ ಅವಳಿಗೆ ತೋರಿಸೋಣ. ಅವಳೇ ಆರಿಸಿಕೊಳ್ಳಲಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟ್ರೂಪ್ ನಡೆಸುವುದು ಮಕ್ಕಳು. ದೊಡ್ಡವರಲ್ಲ. ಹೊಸಬರಿಗೆ ಅರಗಿಸಿಕೊಳ್ಳಲು ಕಷ್ಟವಾಗುವುದು ಇದೊಂದೇ, ಅದರಲ್ಲೂ ನಮ್ಮವರಿಗೆ.

ಆರರಿಂದ ಎಂಟು ಮಕ್ಕಳ ಒಂದು ಗುಂಪಿಗೆ ಪ್ಯಾಟ್ರೋಲ್ ಅನ್ನುತ್ತಾರೆ. ಅದರ ನಾಯಕನನ್ನು ಆ ಮಕ್ಕಳೇ ಓಟು ಹಾಕಿ ಆರಿಸುತ್ತಾರೆ. ಎಲ್ಲ ಪ್ಯಾಟ್ರೋಲುಗಳ ಮೇಲೆ ಒಬ್ಬ ಸೀನಿಯರ್ ಪ್ಯಾಟ್ರೋಲ್ ಲೀಡರ್, ಅವನನ್ನೂ ಮಕ್ಕಳೇ ಆರಿಸಬೇಕು. ಈಗಿರುವವನಿಗೆ 15 ವರ್ಷ. ಸಭೆ ಶುರು ಮಾಡಲು ಅವನು ಮುಂದೆ ಬಂದು ಸುಮ್ನೆ ಮೂರು ಬೆರಳು ಎತ್ತಿ ನಿಲ್ಲುತ್ತಾನೆ. ಒಬ್ಬೊಬ್ಬರೇ ನೋಡಿ ತಾವೂ ಕೈ ಎತ್ತುತ್ತಾರೆ. ಕಿರುಚಾಟವೇ ಇಲ್ಲದೆ ಇಡೀ ಸಭಾಂಗಣ ಸುಮ್ಮನಾಗುತ್ತದೆ. ಧ್ವಜ, ಪ್ರತಿಜ್ಞೆ, ಹನ್ನೆರಡು ನಿಯಮ. ಆಮೇಲೆ ಪ್ರತಿ ಪ್ಯಾಟ್ರೋಲೂ ತನ್ನ ಮೂಲೆಗೆ ಹೋಗಿ ಮುಂದಿನ ಕ್ಯಾಂಪಿನ ಮಾತಾಡುತ್ತದೆ. ದೊಡ್ಡ ಹುಡುಗರು ಚಿಕ್ಕವರಿಗೆ ಗಂಟು ಹಾಕುವುದು, ನಕ್ಷೆ ನೋಡುವುದು, ಗಾಯಕ್ಕೆ ಪಟ್ಟಿ ಕಟ್ಟುವುದು ಕಲಿಸುತ್ತಾರೆ. ಒಂದು ಆಟ. ಒಂದೂವರೆ ಗಂಟೆಗೆ ಮುಗಿಯಿತು. ವರ್ಷದಲ್ಲಿ ಎಲ್ಲೆಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವುದೂ ಪ್ಯಾಟ್ರೋಲ್ ನಾಯಕರ ಸಭೆಯೇ.

ನಾವು ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿರುತ್ತೇವೆ. ಪುಟ್ಟ ನಿನ್ನ ಹತ್ತಿರ ಓಡಿ ಬಂದು "ಅಪ್ಪಾ, ಶನಿವಾರ ಏನು ತರಬೇಕು?" ಅಂತ ಕೇಳುತ್ತಾನೆ. ನಿನಗೆ ಗೊತ್ತಿದ್ದರೂ ಹೇಳಬೇಡ. "ನಿನ್ನ ಪ್ಯಾಟ್ರೋಲ್ ಲೀಡರನ್ನ ಕೇಳು" ಅನ್ನು. ಸ್ಕೌಟ್ ಮಾಸ್ಟರ್ ಕೂಡ ಅದನ್ನೇ ಅನ್ನುತ್ತಾರೆ. ಮೊದಲ ತಿಂಗಳು ಪುಟ್ಟನಿಗೆ ಸಿಟ್ಟು ಬರಬಹುದು, ನಿನ್ನ ಹೆಂಡತಿಗೆ ಇನ್ನೂ ಜಾಸ್ತಿ ಬರಬಹುದು. ತಡೆದುಕೊಳ್ಳಿ.

ಹೋದ ನವೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಇಲ್ಲೇ ಹತ್ತಿರ ಜೋರ್ಡನ್ ಲೇಕ್ ಅಂತ ದೊಡ್ಡ ಕೆರೆ ಇದೆ, ಅದರ ದಂಡೆಯ ಪೈನ್ ಮರಗಳ ಮಧ್ಯೆ ಕ್ಯಾಂಪು. ಊಟದ ಮೆನು, ಸಾಮಾನು ತರುವುದು, ಅಡುಗೆ, ಪಾತ್ರೆ ಎಲ್ಲ ಆಯಾ ಪ್ಯಾಟ್ರೋಲಿನದೇ. ಯಾರ ಪಾಳಿ ಯಾವುದು ಅಂತ ಒಂದು ಹಾಳೆಯಲ್ಲಿ ಬರೆದು ನೇತುಹಾಕಿರುತ್ತಾರೆ. ನನ್ನ ಮಗನ ಪ್ಯಾಟ್ರೋಲಿನಲ್ಲಿ ಇಬ್ಬರು ಮಾಂಸ ತಿನ್ನುವುದಿಲ್ಲ, ಹಾಗಾಗಿ ಭಾನುವಾರ ಬೆಳಗ್ಗೆ ಉಪ್ಪಿಟ್ಟು ಅಂತ ಗೊತ್ತುಮಾಡಿಕೊಂಡಿದ್ದರು. ಚಳಿಗೆ ಮಕ್ಕಳ ಬಾಯಿಂದ ಹೊಗೆ ಬರುತ್ತಿತ್ತು. ಎಣ್ಣೆ ಕಾಯುವ ಮುಂಚೆಯೇ ಸಾಸಿವೆ ಹಾಕಿದರು, ಅದು ಸಿಡಿಯಲೇ ಇಲ್ಲ. ಈರುಳ್ಳಿ ಹೆಚ್ಚುವವನು ಕೈಗವಸು ತೆಗೆಯಲು ಒಲ್ಲ. ನೀರು ಕುದಿ ಬರುವ ಮುಂಚೆ ಒಬ್ಬ ರವೆಯನ್ನು ಒಂದೇ ಸಲ ಸುರಿದುಬಿಟ್ಟ. ಹಸಿ ರವೆ ಬೇರೆ. ಗಂಟು ಗಂಟಾಯಿತು.

ದೊಡ್ಡವರ ಟೇಬಲ್ ಸ್ವಲ್ಪ ದೂರದಲ್ಲಿತ್ತು. ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದೆ, ಎದ್ದು ಹೋಗಿ ಸೌಟು ಕಿತ್ತುಕೊಳ್ಳಬೇಕು ಅನ್ನಿಸುತ್ತಿತ್ತು. ಪಕ್ಕದಲ್ಲಿದ್ದ ಸ್ಕೌಟ್ ಮಾಸ್ಟರ್ "ಬೆಂಕಿ ಹತ್ತಿಲ್ಲ, ಯಾರಿಗೂ ಗಾಯವಾಗಿಲ್ಲ, ಕೂತ್ಕೊಳ್ಳಿ" ಅಂದರು. ಕೂತೆ. ಹುಡುಗರು ತಾವೇ ಗಂಟು ಒಡೆದು, ತುಪ್ಪ ಸುರಿದು, ತಟ್ಟೆಗೆ ಹಾಕಿಕೊಂಡರು. ಅಷ್ಟನ್ನೂ ಖಾಲಿ ಮಾಡಿದರು. ಉಪ್ಪಿಟ್ಟಿನ ಹೆಸರೇ ಕೇಳದ ಒಬ್ಬ ಹುಡುಗ ಎರಡನೇ ಸಲ ಹಾಕಿಸಿಕೊಂಡ. ಆಮೇಲೆ ಮೂರು ಟಬ್ಬು ಸಾಲಾಗಿ ಇಟ್ಟರು. ಸೋಪು ನೀರಿನದೊಂದು, ಬರೀ ಬಿಸಿನೀರಿನದೊಂದು, ಕ್ರಿಮಿ ಸಾಯಲು ಔಷಧಿ ಹಾಕಿದ್ದೊಂದು. ಪಾತ್ರೆಯೂ ಅವರೇ ತೊಳೆದದ್ದು. ಮುಂದಿನ ಕ್ಯಾಂಪಿಗೆ ರವೆಯನ್ನು ಮನೆಯಲ್ಲೇ ಹುರಿದು ಡಬ್ಬಿಗೆ ಹಾಕಿಕೊಂಡು ಬಂದಿದ್ದರು! ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಎದ್ದು ಹೋಗಿದ್ದರೆ ಆ ಬೆಳಗ್ಗೆ ಒಳ್ಳೆ ಉಪ್ಪಿಟ್ಟು ಆಗುತ್ತಿತ್ತು, ಅಷ್ಟೇ.

ಹಾಗಂತ ಸುರಕ್ಷತೆ ಮಕ್ಕಳ ಕೈಯಲ್ಲಿಲ್ಲ, ಅದು ಪೂರ್ತಿ ದೊಡ್ಡವರದು. ಇದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಈ ಸಂಸ್ಥೆಯಲ್ಲಿ ಹಿಂದಿನ ದಶಕಗಳಲ್ಲಿ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ. 2020ರಲ್ಲಿ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪರಿಹಾರ ಕೇಳಿ 82,000ಕ್ಕೂ ಹೆಚ್ಚು ಜನ ಮುಂದೆ ಬಂದರು. ಹೊಸ ಮನೆಯವರಿಗೆ ಇದನ್ನು ನಾನೇ ಮೊದಲು ಹೇಳುತ್ತೇನೆ, ಬೇರೆ ಯಾರಿಂದಲೋ ತಿಳಿಯಬಾರದು. ಈಗಿನ ನಿಯಮ ತುಂಬಾ ಬಿಗಿ. ಎಲ್ಲೇ ಹೋದರೂ 21 ತುಂಬಿದ, ನೋಂದಾಯಿಸಿದ ಇಬ್ಬರು ದೊಡ್ಡವರು ಇರಲೇಬೇಕು. ಯಾವ ದೊಡ್ಡವರೂ ಬೇರೆಯವರ ಮಗುವಿನ ಜೊತೆ ಒಂಟಿಯಾಗಿ ಇರುವಂತಿಲ್ಲ, ಫೋನಿನ ಮೆಸೇಜಿನಲ್ಲೂ ಇನ್ನೊಬ್ಬ ದೊಡ್ಡವರನ್ನು ಸೇರಿಸಿಯೇ ಬರೆಯಬೇಕು. 2023ರ ಸೆಪ್ಟೆಂಬರ್‌ನಿಂದ, ಟ್ರೂಪಿನ ಜೊತೆ ರಾತ್ರಿ ಉಳಿಯುವ ಪ್ರತಿಯೊಬ್ಬ ದೊಡ್ಡವರೂ ನೋಂದಾಯಿಸಿರಬೇಕು. ಅಂದರೆ ಹಿನ್ನೆಲೆ ಪರಿಶೀಲನೆ, ತರಬೇತಿ ಎರಡೂ ಆಗಿರಬೇಕು. ಒಂದೇ ಟೆಂಟಿನಲ್ಲಿ ಮಲಗುವ ಮಕ್ಕಳ ವಯಸ್ಸಿನಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಅಂತರ ಇರಬಾರದು. ಪುಟ್ಟ ಎಲ್ಲಕ್ಕಿಂತ ಕೆಳಗಿನ 'ಸ್ಕೌಟ್' ದರ್ಜೆ ಪಡೆಯಬೇಕಾದರೂ, ದೌರ್ಜನ್ಯದಿಂದ ತನ್ನನ್ನು ಕಾಪಾಡಿಕೊಳ್ಳುವ ಬಗ್ಗೆ ಇರುವ ಪುಸ್ತಿಕೆಯನ್ನು ನಿಮ್ಮ ಜೊತೆ ಕೂತು ಓದಿ ಮುಗಿಸಬೇಕು. ನಮ್ಮ ಮನೆಗಳಲ್ಲಿ ಈ ಮಾತು ಆಡುವುದೇ ಇಲ್ಲ, ಅಲ್ವಾ? ಸಂಕೋಚ ಬಿಟ್ಟು ಕೂತುಕೊಳ್ಳಿ.

ಚಾಕುವಿನ ಬಗ್ಗೆ ಅಮ್ಮ ಹೆದರಿಕೊಂಡಾಳು. ಚಾಕು, ಕೊಡಲಿ, ಗರಗಸ ಹಿಡಿಯುವುದಕ್ಕೂ ಒಂದು ಕಾರ್ಡ್ ಗಳಿಸಬೇಕು. ಹೇಗೆ ಹಿಡಿಯಬೇಕು, ಇನ್ನೊಬ್ಬರ ಕೈಗೆ ಹೇಗೆ ಕೊಡಬೇಕು, ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಮಾಡಿ ತೋರಿಸಿದ ಮೇಲೇ ಅದು ಸಿಗುವುದು. ಅಡ್ಡಾದಿಡ್ಡಿ ಆಡಿದರೆ ಕಾರ್ಡಿನ ಒಂದು ಮೂಲೆ ಕತ್ತರಿಸುತ್ತಾರೆ. ನಾಲ್ಕೂ ಮೂಲೆ ಹೋದರೆ ಮತ್ತೆ ಮೊದಲಿನಿಂದ ಕಲಿಯಬೇಕು.

ಇನ್ನು ದರ್ಜೆಗಳು. ಸ್ಕೌಟ್, ಟೆಂಡರ್‌ಫುಟ್, ಸೆಕೆಂಡ್ ಕ್ಲಾಸ್, ಫಸ್ಟ್ ಕ್ಲಾಸ್, ಸ್ಟಾರ್, ಲೈಫ್, ಕೊನೆಗೆ ಈಗಲ್. ಈಗಲ್ ಆಗಲು 21 ಮೆರಿಟ್ ಬ್ಯಾಡ್ಜ್ (ಒಂದೊಂದು ವಿಷಯ ಕಲಿತದ್ದಕ್ಕೆ ಸಿಗುವ ಬಿಲ್ಲೆ) ಬೇಕು, ಟ್ರೂಪಿನಲ್ಲಿ ಜವಾಬ್ದಾರಿಯ ಸ್ಥಾನ ಹೊತ್ತಿರಬೇಕು, ಊರಿಗೆ ಉಪಯೋಗವಾಗುವ ಒಂದು ಕೆಲಸವನ್ನು ತಾನೇ ಯೋಜಿಸಿ ಮುಂದೆ ನಿಂತು ಮಾಡಿಸಬೇಕು. 18 ತುಂಬುವುದರೊಳಗೆ ಇದೆಲ್ಲ ಮುಗಿಯಬೇಕು. ಇಲ್ಲಿ ನಮ್ಮವರ ಹುಚ್ಚೊಂದಿದೆ. ಕಾಲೇಜಿನ ಅರ್ಜಿಗೆ ಒಳ್ಳೆಯದು ಅಂತ 13ಕ್ಕೇ ಮಗ ಈಗಲ್ ಆಗಬೇಕು ಅಂತ ಬೆನ್ನು ಹತ್ತುತ್ತಾರೆ. ಅಮ್ಮ ಫೈಲ್ ಇಡುತ್ತಾಳೆ, ಅಪ್ಪ ಫೋನ್ ಮಾಡುತ್ತಾನೆ, ಹುಡುಗ ಹೇಳಿದ ಕಡೆ ಹೋಗಿ ಬರುತ್ತಾನೆ. ನನಗೆ ಇದು ನೋಡಲಾಗುವುದಿಲ್ಲ. ಬ್ಯಾಡ್ಜ್ ಕಲಿಸುವವರಿಗೆ ಪುಟ್ಟನೇ ಬರೆದು ಸಮಯ ಕೇಳಬೇಕು. ಹನ್ನೊಂದು ವರ್ಷದವನು ಪರಿಚಯವಿಲ್ಲದ ದೊಡ್ಡವರಿಗೆ ಮರ್ಯಾದೆಯಿಂದ ನಾಲ್ಕು ಸಾಲು ಬರೆಯಲು ಕಲಿಯುವುದಿದೆಯಲ್ಲ, ಬ್ಯಾಡ್ಜಿಗಿಂತ ಅದು ದೊಡ್ಡದು. ಅವನು ಫಸ್ಟ್ ಕ್ಲಾಸಿನಲ್ಲೇ ನಿಂತರೂ ನನಗೆ ಸಂತೋಷವೇ. ಅಷ್ಟು ಹೊತ್ತಿಗೆ ಅಡುಗೆ, ಈಜು, ದಿಕ್ಸೂಚಿ, ಪ್ರಥಮ ಚಿಕಿತ್ಸೆ ಎಲ್ಲ ಬಂದಿರುತ್ತದೆ.

ದರ್ಜೆ ಕೊಡುವ ಸಮಾರಂಭಕ್ಕೆ ಕೋರ್ಟ್ ಆಫ್ ಆನರ್ ಅನ್ನುತ್ತಾರೆ. ಮಗ ದರ್ಜೆ ಏರಿದಾಗ ಅಮ್ಮನಿಗೂ ಒಂದು ಪುಟ್ಟ ಪಿನ್ ಸಿಗುತ್ತದೆ, ಅದನ್ನು ಮಗನೇ ಚುಚ್ಚಬೇಕು. ನನ್ನ ಮಗ ಸೆರಗಿಗೆ ಚುಚ್ಚುವಾಗ ಸೀರೆ ಹರಿದೀತು ಅಂತ ಉಸಿರು ಬಿಗಿಹಿಡಿದಿದ್ದ. ಅಪ್ಪ ಇಲ್ಲಿಗೆ ಬಂದಾಗ ಅಂಥದ್ದೊಂದಕ್ಕೆ ಕರೆದುಕೊಂಡು ಹೋಗಲೇಬೇಕು. ಇಲ್ಲಿಯ ಮಕ್ಕಳೂ ನಮ್ಮೂರ ಸ್ಕೌಟ್‌ಗಳ ಹಾಗೆ ಎಡಗೈ ಕುಲುಕುವುದು ನೋಡಿ ಅವರಿಗೆ ಎಷ್ಟು ಖುಷಿಯಾದೀತು!

ದೊಡ್ಡವರು ಸುಮ್ನೆ ಕೂರುತ್ತಾರೆ ಅಂದುಕೊಳ್ಳಬೇಡ. ಲೆಕ್ಕ ಬರೆಯುವುದು, ಕಾರಿನಲ್ಲಿ ಕ್ಯಾಂಪಿಗೆ ಬಿಟ್ಟು ಬರುವುದು, ಟೆಂಟುಗಳ ಉಸ್ತುವಾರಿ, ದರ್ಜೆಯ ದಾಖಲೆ, ಎಲ್ಲಕ್ಕೂ ಕಮಿಟಿ ಇದೆ. ಬಂದ ಹೊಸತರಲ್ಲಿ ನಿನಗೆ ನೂರು ಕೆಲಸ ಇರುತ್ತದೆ, ಆರು ತಿಂಗಳು ಬರೀ ನೋಡು. ಆಮೇಲೆ ಯಾವುದಾದರೂ ಒಂದು ಕೆಲಸ ಹಿಡಿದುಕೋ. ವರ್ಷಕ್ಕೊಮ್ಮೆ ಮನೆಮನೆಯಿಂದ ಆಹಾರ ಸಂಗ್ರಹಿಸಿ ಬಡವರಿಗೆ ಹಂಚುವ ಕೇಂದ್ರಕ್ಕೆ ಕೊಡುತ್ತೇವೆ. ಒಂದು ಶನಿವಾರ ಬಾಗಿಲಿಗೆ ಚೀಲ ಅಥವಾ ಚೀಟಿ ಸಿಕ್ಕಿಸಿ, ಮುಂದಿನ ಶನಿವಾರ ಹೋಗಿ ತುಂಬಿದ್ದನ್ನು ತರುವುದು. ಅದಕ್ಕೆ ಕಾರು ಓಡಿಸುವವರು ಎಷ್ಟಿದ್ದರೂ ಸಾಲದು.

ಖರ್ಚಿನ ಮಾತು. ರಾಷ್ಟ್ರೀಯ ಸಂಸ್ಥೆಗೊಂದು, ಸ್ಥಳೀಯ ಕೌನ್ಸಿಲಿಗೊಂದು, ಟ್ರೂಪಿಗೊಂದು ಶುಲ್ಕ ಇರುತ್ತದೆ. ಬೇಸಿಗೆ ಕ್ಯಾಂಪಿನದು ಬೇರೆ. ಕಷ್ಟವಾದರೆ ಕೇಳಲು ನಾಚಬೇಡ, ಸಹಾಯಕ್ಕೆ ದಾರಿ ಇದೆ. ಕಂದು ಅಂಗಿ ಒಂದು, ಕೈಪಿಡಿ ಒಂದು ಸಾಕು. ಟೆಂಟು ಟ್ರೂಪಿನದೇ. ಅಂಗಿ ಕೂಡ ಬೆಳೆದ ಹುಡುಗರು ಕೊಟ್ಟು ಹೋದದ್ದು ನಮ್ಮಲ್ಲಿ ಒಂದು ಬೀರು ತುಂಬ ಇದೆ. ಅಲ್ಲಿಂದ ಏನೂ ಕೊಂಡು ತರಬೇಡ.

ತರಬೇಕಾದದ್ದು ಪುಟ್ಟನ ಲಸಿಕೆ ಕಾರ್ಡು. ಕ್ಯಾಂಪಿಗೆ ಹೋಗುವ ಎಲ್ಲರೂ ಪ್ರತಿ ವರ್ಷ ಆರೋಗ್ಯದ ಫಾರಂ ತುಂಬಬೇಕು, ಅದಕ್ಕೆ ಹತ್ತು ವರ್ಷದೊಳಗೆ ಧನುರ್ವಾಯು ಲಸಿಕೆ ಹಾಕಿಸಿರಬೇಕು. 72 ಗಂಟೆ ದಾಟುವ ಕ್ಯಾಂಪಾದರೆ ಡಾಕ್ಟರ ಸಹಿಯೂ ಬೇಕು. ಇನ್ನೊಂದು, ಈ ರಜೆಯಲ್ಲೇ ಅವನನ್ನು ದಾವಣಗೆರೆಯ ಈಜುಕೊಳಕ್ಕೆ ಕಳಿಸು. ಬೇಸಿಗೆ ಕ್ಯಾಂಪಿನ ಮೊದಲ ದಿನವೇ ಈಜು ಪರೀಕ್ಷೆ ಇರುತ್ತದೆ. ತಲೆ ಮುಳುಗುವಷ್ಟು ನೀರಿಗೆ ಹಾರಿ 75 ಗಜ ಈಜಬೇಕು, ಆಮೇಲೆ 25 ಗಜ ಅಂಗಾತ ಈಜಿ, ಕೊನೆಗೆ ಅಲುಗದೆ ತೇಲಬೇಕು. ಬಾರದಿದ್ದರೂ ಯಾರೂ ಬೈಯುವುದಿಲ್ಲ, ಅಲ್ಲೇ ಕಲಿಸುತ್ತಾರೆ. ಆದರೆ ಗೆಳೆಯರೆಲ್ಲ ಕೆರೆಯಲ್ಲಿ ದೋಣಿ ನಡೆಸುವಾಗ ಇವನು ದಡದ ಹತ್ತಿರವೇ ಉಳಿಯಬೇಕಾದರೆ ಅವನಿಗೆ ಬೇಜಾರಾಗುತ್ತದೆ.

ಬಂದ ಮೇಲೆ ಒಂದೇ ಟ್ರೂಪ್ ನೋಡಿ ಸೇರಿಸಿಬಿಡಬೇಡ. ನಮ್ಮದನ್ನೂ ಸೇರಿಸಿ ಮೂರಾದರೂ ನೋಡಿ. ಸಭೆಯಲ್ಲಿ ಯಾರ ದನಿ ಜಾಸ್ತಿ ಕೇಳುತ್ತದೆ ಅಂತ ಗಮನಿಸು, ಮಕ್ಕಳದೋ ದೊಡ್ಡವರದೋ. ಕ್ಯಾಂಪಿನಲ್ಲಿ ಅಡುಗೆ ಯಾರು ಮಾಡುತ್ತಾರೆ ಅಂತ ಅಲ್ಲಿಯ ಹುಡುಗರನ್ನೇ ಕೇಳು. ನಮ್ಮ ಟ್ರೂಪ್ ಪುಟ್ಟನಿಗೆ ಇಷ್ಟವಾಗದಿದ್ದರೆ ನನಗೇನೂ ಬೇಸರವಿಲ್ಲ.

ಟಿಕೆಟ್ ಆದ ಕೂಡಲೇ ತಾರೀಖು ತಿಳಿಸು. ಲಸಿಕೆ ಕಾರ್ಡಿನ ಫೋಟೋ ಈಗಲೇ ಕಳಿಸಿದರೆ ಇಲ್ಲಿಯ ಡಾಕ್ಟರಿಗೆ ತೋರಿಸಿ ಇಟ್ಟಿರುತ್ತೇನೆ. ಮಕ್ಕಳಿಗೆ ನನ್ನ ಮುದ್ದು.

ನಿನ್ನ ಪ್ರೀತಿಯ
ಅಕ್ಕ