ನಮ್ಮ ಮೊದಲ ತಂಡವನ್ನು ಕಾಕ್‌ಪಿಟ್ ಬಾಗಿಲಿನವರೆಗೆ ಕರೆತಂದವರಿಗೆ ಕೃತಜ್ಞತೆಗಳು

ವಿಮಾನದ ಕ್ಯಾಬಿನ್ ಸಿಬ್ಬಂದಿಯಾಗಬೇಕೆಂಬ ಆಸೆ ಹೊತ್ತು ಮಂಡ್ಯ, ಮದ್ದೂರು, ಪಾಂಡವಪುರ, ನಂಜನಗೂಡು ಮತ್ತು ಮೈಸೂರಿನ ಬಡಾವಣೆಗಳಿಂದ ನಮ್ಮ ಪುಟ್ಟ ತರಬೇತಿ ಕೇಂದ್ರಕ್ಕೆ ಬಂದಿದ್ದ ಮೊದಲ ತಂಡದ ಕಲಿಕೆ ಕಳೆದ ವಾರ ಮುಗಿಯಿತು. ಬಹಳ ಕಾಲ ಕ್ಯಾಬಿನ್ ಸಿಬ್ಬಂದಿಯ ಮುಖ್ಯಸ್ಥೆಯಾಗಿ ಹಾರಾಡಿ ಊರಿಗೆ ಮರಳಿದ ನನಗೆ ಒಂದು ಹಟವಿತ್ತು. ಹಾರಾಟದ ನಡುವೆ ಇಬ್ಬರು ಪೈಲಟ್‌ಗಳಲ್ಲಿ ಒಬ್ಬರು ಅಸ್ವಸ್ಥರಾದರೆ, ಉಳಿದೊಬ್ಬರಿಗೆ ನಾವು ಪೈಲಟ್‌ಗಳ ಕೋಣೆಯಾದ ಕಾಕ್‌ಪಿಟ್‌ನೊಳಗೆ ಹೋಗಿ ಹೇಗೆ ನೆರವಾಗಬೇಕೆಂಬುದನ್ನು ಪುಸ್ತಕದ ಕೊನೆಯ ಪುಟವಾಗಿ ಓದಿಸದೆ, ಮೈ ಕೈಗೆ ಅಭ್ಯಾಸವಾಗುವ ತನಕ ಕಲಿಸಬೇಕೆಂಬ ಹಟ ಅದು. ಅದು ನನ್ನೊಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ಯಾರ್‍ಯಾರಿಂದ ಆಯಿತೆಂಬುದನ್ನು ನಾಲ್ಕು ಜನರೆದುರು ಹೇಳಬೇಕೆಂದು ಈ ಬರಹ.

ಮೊದಲಿಗೆ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ನಾವು ಯಾರಿಗೂ ವಿಮಾನ ಹಾರಿಸುವುದನ್ನು ಕಲಿಸಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಪ್ರತಿಯೊಬ್ಬರೂ ತಮ್ಮ ವಿಮಾನಯಾನ ಸಂಸ್ಥೆಯಲ್ಲಿ, ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಿಯಮಗಳಿಗೆ ಅನುಗುಣವಾಗಿ, ಆಯಾ ವಿಮಾನದ ಮಾದರಿಗೆ ತಕ್ಕ ತರಬೇತಿಯನ್ನು ಪಡೆಯಲೇಬೇಕು. ನಮ್ಮದು ಅದಕ್ಕೆ ಮುಂಚಿನ ಸಿದ್ಧತೆ ಮಾತ್ರ. ಒಬ್ಬ ಪೈಲಟ್ ಕುಸಿದಾಗ ಇನ್ನೊಬ್ಬರು ಮೊದಲು ವಿಮಾನದ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ, ಆಮೇಲೆ ನಮ್ಮನ್ನು ಕರೆಯುತ್ತಾರೆ. ಕುಸಿದವರನ್ನು ನಿಯಂತ್ರಣ ಸಾಧನಗಳಿಂದ ದೂರ ಸರಿಸುವುದು, ಭುಜದ ಬೆಲ್ಟನ್ನು ಬಿಗಿದು ಲಾಕ್ ಮಾಡುವುದು, ಸೀಟನ್ನು ಪೂರ್ತಿ ಹಿಂದಕ್ಕೆ ಜರುಗಿಸುವುದು, ಕಾಲುಗಳನ್ನು ಪೆಡಲ್‌ನಿಂದ ತೆಗೆಯುವುದು, ಆಕ್ಸಿಜನ್ ಕೊಡುವುದು, ಪೈಲಟ್ ಹೇಳಿದರೆ ಚೆಕ್‌ಲಿಸ್ಟ್ ಓದುವುದು, ಇಷ್ಟೇ ನಮ್ಮ ಪಾಲಿನ ಕೆಲಸ. ಬರೆದರೆ ಎರಡು ಸಾಲಾಗುವ ಇದನ್ನು ಇಕ್ಕಟ್ಟಾದ ಜಾಗದಲ್ಲಿ, ಯಾವ ಗುಂಡಿಗೂ ಸನ್ನೆಗೂ (ಲಿವರ್‌ಗೂ) ಕೈ ತಾಗದಂತೆ ಮಾಡುವುದು ಬೇರೆಯೇ ಮಾತು.

ಈ ಪಾಠಕ್ಕೆ ಬೆನ್ನೆಲುಬಾಗಿ ನಿಂತವರು ಕುವೆಂಪುನಗರದಲ್ಲಿ ನೆಲೆಸಿರುವ ನಿವೃತ್ತ ಕ್ಯಾಪ್ಟನ್ ಒಬ್ಬರು. ತಮ್ಮ ಹೆಸರನ್ನು ಬರೆಯಕೂಡದೆಂದು ಅವರು ಕಟ್ಟುನಿಟ್ಟಾಗಿ ಹೇಳಿರುವುದರಿಂದ ಕ್ಯಾಪ್ಟನ್ ಸರ್ ಎಂದೇ ಕರೆಯುತ್ತೇನೆ. ಪೈಲಟ್ ಅಸ್ವಸ್ಥರಾಗುವುದೆಂದರೆ ಎದೆ ಹಿಡಿದುಕೊಂಡು ಬೀಳುವುದೊಂದೇ ಅಲ್ಲ, ಕಣ್ಣು ತೆರೆದು ನೆಟ್ಟಗೆ ಕುಳಿತಿದ್ದರೂ ಮನಸ್ಸು ಕೆಲಸ ನಿಲ್ಲಿಸಿರಬಹುದು, ಅದೇ ಹೆಚ್ಚು ಅಪಾಯಕಾರಿ ಎಂದು ಅವರು ಮೊದಲ ದಿನವೇ ಬಿಡಿಸಿ ಹೇಳಿದರು. ಅದಕ್ಕಾಗಿಯೇ ಪೈಲಟ್‌ಗಳಿಗೆ ಒಂದು ನಿಯಮವಿದೆ: ಜೊತೆಗಾರರನ್ನು ಎರಡು ಸಲ ಮಾತಾಡಿಸಿದರೂ ಸರಿಯಾದ ಉತ್ತರ ಬಾರದಿದ್ದರೆ ಅವರು ಕೆಲಸ ಮಾಡುವ ಸ್ಥಿತಿಯಲ್ಲಿಲ್ಲವೆಂದು ತಿಳಿದು ನಿಯಂತ್ರಣ ತೆಗೆದುಕೊಳ್ಳಬೇಕು. ಆ ಗಳಿಗೆಯಿಂದ ಇಬ್ಬರ ಕೆಲಸವೂ ಒಬ್ಬರ ತಲೆಯ ಮೇಲೆ ಬೀಳುತ್ತದೆ. ವಿಮಾನ ಹಾರಿಸಬೇಕು, ನಿಯಂತ್ರಣ ಕೇಂದ್ರದೊಡನೆ ಮಾತಾಡಬೇಕು, ಹತ್ತಿರದ ನಿಲ್ದಾಣ ಹುಡುಕಬೇಕು. ಅಂಥ ಹೊತ್ತಿನಲ್ಲಿ ಪಕ್ಕದಲ್ಲೊಬ್ಬರು ಸ್ಥಿಮಿತದಿಂದ ನಿಂತಿದ್ದರೆ ಅದೇ ದೊಡ್ಡ ಬಲ ಎಂದು ಹೇಳುವಾಗ ಕ್ಯಾಪ್ಟನ್ ಸರ್ ಧ್ವನಿ ಸ್ವಲ್ಪ ಬದಲಾಗುತ್ತಿತ್ತು. ನಾವು ಕಾರಣ ಕೇಳಲಿಲ್ಲ.

ಅಭ್ಯಾಸಕ್ಕೆ ಬೇಕಾದ ಕಾಕ್‌ಪಿಟ್ ನಮ್ಮ ಬಳಿ ಎಲ್ಲಿಂದ ಬರಬೇಕು? ಮಂಡ್ಯದ ವೆಲ್ಡಿಂಗ್ ಶಾಪಿನ ಅಣ್ಣನವರೊಬ್ಬರು ಹಳೆಯ ಬಸ್ಸಿನ ಚಾಲಕರ ಸೀಟುಗಳೆರಡನ್ನು ಹೊಂದಿಸಿ, ಕೆಳಗೆ ಹಳಿ ಕೂರಿಸಿ, ಸನ್ನೆ ಎತ್ತಿದರೆ ಹಿಂದಕ್ಕೆ ಜರುಗುವಂತೆ ಮಾಡಿಕೊಟ್ಟರು. ಎರಡು ಸೀಟುಗಳ ನಡುವೆ, ನಿಜವಾದ ವಿಮಾನದಲ್ಲಿ ಎಂಜಿನ್ನಿನ ಸನ್ನೆಗಳಿರುವ ಜಾಗದಲ್ಲಿ, ಒಂದು ಹಲಗೆ ಹಾಕಿದರು. ಆ ಹಲಗೆಯ ಮೇಲೆ ಸ್ಟೀಲ್ ಲೋಟಗಳನ್ನು ಸಾಲಾಗಿ ಇಡುವ ಉಪಾಯವೂ ಅವರದೇ. ಕುಸಿದವರನ್ನು ಹಿಂದಕ್ಕೆಳೆಯುವಾಗ ಮೊಣಕೈ ತಗುಲಿ ಒಂದು ಲೋಟ ಬಿದ್ದರೂ ಮತ್ತೆ ಮೊದಲಿನಿಂದ ಮಾಡಬೇಕು. ಆರಂಭದ ದಿನಗಳಲ್ಲಿ ಪಕ್ಕದ ಮನೆಯವರಿಗೆ ನಮ್ಮದು ಪಾತ್ರೆ ಅಂಗಡಿಯೇ ಎಂಬ ಅನುಮಾನ ಬರುವಷ್ಟು ಸದ್ದಾಗುತ್ತಿತ್ತು. ಕೊನೆಯ ದಿನ ಇಡೀ ತಂಡ ಒಂದು ಲೋಟವನ್ನೂ ಬೀಳಿಸದೆ ಮುಗಿಸಿದಾಗ ಅಣ್ಣನವರು ಬಾಗಿಲಲ್ಲೇ ನಿಂತು ನೋಡುತ್ತಿದ್ದರು. ಕೂಲಿಯ ಮಾತೆತ್ತಿದರೆ ಕಬ್ಬಿಣದ ಬೆಲೆಯಷ್ಟನ್ನೇ ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದ ಅವರ ಋಣ ನನ್ನ ಮೇಲಿದೆ.

ಎಳೆಯುವುದನ್ನು ಕಲಿಸಿದವರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು. ಪ್ರಜ್ಞೆ ತಪ್ಪಿದ ದೇಹದ ಭಾರ ಎಂಥದೆಂದು ಅದನ್ನು ಹಿಡಿದವರಿಗೇ ಗೊತ್ತು. ಐವತ್ತು ಕಿಲೋ ಇರುವ ಹುಡುಗಿ ಎಂಬತ್ತು ಕಿಲೋ ಇರುವವರನ್ನು, ಬಗ್ಗಿ ನಿಲ್ಲಲೂ ಜಾಗವಿಲ್ಲದ ಕಡೆ, ಮುಂದಕ್ಕೆ ವಾಲಿದ ಸ್ಥಿತಿಯಿಂದ ಹಿಂದಕ್ಕೆ ತರಬೇಕು. ನನಗೆ ಕಲಿಸಿದ್ದ ವಿಧಾನವನ್ನು ನಾನು ತೋರಿಸಿದೆ, ಆದರೆ ಅದರ ಒಳಗುಟ್ಟನ್ನು ಬಿಡಿಸಿಕೊಟ್ಟವರು ಮೈಸೂರಿನ ಹಳೆಯ ಗರಡಿಯೊಂದರ ಉಸ್ತಾದರು. ಅವರ ಗರಡಿಯ ಕುಸ್ತಿ ಮಣ್ಣಿಗೆ ಹೆಣ್ಣುಮಕ್ಕಳು ಇಳಿಯುವ ರೂಢಿಯಿಲ್ಲದ್ದರಿಂದ, ಎಪ್ಪತ್ತು ದಾಟಿದ ಆ ಹಿರಿಯರೇ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮಲ್ಲಿಗೆ ಬಂದರು. ಸೀಟಿನ ಹಿಂದೆ ನಿಂತು, ಕುಸಿದವರ ಎರಡೂ ಕಂಕುಳ ಕೆಳಗಿನಿಂದ ಕೈ ತೂರಿಸಿ, ಅವರ ಎದೆಯ ಮುಂದೆ ನಿಮ್ಮ ಒಂದು ಮಣಿಕಟ್ಟನ್ನು ಇನ್ನೊಂದು ಕೈಯಿಂದ ಹಿಡಿಯಿರಿ. ತೋಳಿನಿಂದ ಎತ್ತಲು ಹೋಗಬೇಡಿ, ಉಸಿರು ಬಿಡುತ್ತಾ ನಿಮ್ಮ ಮೈಯನ್ನೇ ಹಿಂದಕ್ಕೆ ವಾಲಿಸಿ, ಅವರು ತಾವಾಗಿಯೇ ಬರುತ್ತಾರೆ ಎಂದು ಹೇಳಿ ಮಾಡಿ ತೋರಿಸಿದರು. ಪಾಂಡವಪುರದ ಕಡೆಯ, ತಂಡದಲ್ಲೇ ಸಣ್ಣ ಮೈಕಟ್ಟಿನ ಹುಡುಗಿ ಉಸ್ತಾದರನ್ನೇ ಸೀಟಿನಲ್ಲಿ ಹಿಂದಕ್ಕೆ ಎಳೆದು ಒರಗಿಸಿದಾಗ, ಇನ್ನೊಬ್ಬಳು ಸನ್ನೆ ಎತ್ತಿ ಸೀಟು ಜರುಗಿಸಿದಳು. "ಹಿಡಿತ ಕೂತಿತು ಮಗಳೇ" ಎಂದು ಅವರು ಹೇಳಿದ ಆ ಒಂದು ಮಾತಿಗೆ ನಾನು ಕೊಡುವ ಯಾವ ಪ್ರಮಾಣಪತ್ರವೂ ಸಮವಲ್ಲ.

ಹಿಡಿತವೊಂದು ಜೀವ ಉಳಿಸಿದ ಘಟನೆಯನ್ನು ಆ ದಿನವೇ ತಂಡಕ್ಕೆ ಹೇಳಿದೆ. 1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಲಾಗಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ 5390 ವಿಮಾನದ ಮುಂಗಾಜು ಹಾರಿಹೋಗಿ, ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅವರ ಅರ್ಧ ದೇಹ ಹೊರಕ್ಕೆ ಸೆಳೆಯಲ್ಪಟ್ಟಿತು. ಕ್ಯಾಬಿನ್ ಸಿಬ್ಬಂದಿಯಾದ ನೈಜೆಲ್ ಆಗ್ಡೆನ್ ಓಡಿಬಂದು ಅವರನ್ನು ಹಿಡಿದುಕೊಂಡರು. ಅವರ ಕೈ ಸೋತಾಗ ಜೊತೆಗಾರರು ಹಿಡಿದರು. ಸಹಪೈಲಟ್ ಅಲಸ್ಟೇರ್ ಆಚಿಸನ್ ವಿಮಾನವನ್ನು ಸೌತಾಂಪ್ಟನ್‌ನಲ್ಲಿ ಇಳಿಸುವವರೆಗೂ ಯಾರೂ ಹಿಡಿತ ಬಿಡಲಿಲ್ಲ, ಕ್ಯಾಪ್ಟನ್ ಬದುಕಿ ಮತ್ತೆ ಹಾರಾಟಕ್ಕೂ ಮರಳಿದರು. ಕಿಟಕಿಯನ್ನು ಕೂರಿಸುವಾಗ ಅಳತೆಗಿಂತ ಸಣ್ಣ ಬೋಲ್ಟ್‌ಗಳನ್ನು ಹಾಕಿದ್ದೇ ಕಾರಣವೆಂದು ತನಿಖೆಯಲ್ಲಿ ಕಂಡುಬಂತು.

ಕೈಗಿಂತಲೂ ಬಾಯಿಯ ತರಬೇತಿ, ಎಂದರೆ ಕಂಡದ್ದನ್ನು ಪೈಲಟ್‌ಗಳಿಗೆ ಹೇಳುವ ಅಭ್ಯಾಸ, ಕಷ್ಟವಾಯಿತು. 1989ರ ಮಾರ್ಚ್ 10ರಂದು ಕೆನಡಾದ ಡ್ರೈಡನ್‌ನಲ್ಲಿ ಏರ್ ಆಂಟೇರಿಯೊ ವಿಮಾನ ಮೇಲೇರಿದ ಕೂಡಲೇ ಬಿದ್ದು 24 ಮಂದಿ ಸತ್ತರು. ರೆಕ್ಕೆಗಳ ಮೇಲೆ ಹಿಮ ಕೂತಿದ್ದುದನ್ನು ಕ್ಯಾಬಿನ್ ಸಿಬ್ಬಂದಿ ನೋಡಿದ್ದರು, ಆದರೆ ಆ ಮಾತು ಕಾಕ್‌ಪಿಟ್ಟಿಗೆ ಮುಟ್ಟಲಿಲ್ಲ. ಅದೇ ವರ್ಷದ ಜನವರಿ 8ರಂದು ಇಂಗ್ಲೆಂಡಿನ ಕೆಗ್‌ವರ್ತ್ ಬಳಿ 47 ಮಂದಿಯನ್ನು ಬಲಿ ತೆಗೆದುಕೊಂಡ ಅಪಘಾತದಲ್ಲಿ, ಕೆಟ್ಟಿದ್ದುದು ಎಡಗಡೆಯ ಎಂಜಿನ್, ಪೈಲಟ್‌ಗಳು ನಿಲ್ಲಿಸಿದ್ದು ಬಲಗಡೆಯದನ್ನು. ಎಡಗಡೆ ಬೆಂಕಿ ಕಂಡವರು ಹಿಂದೆ ಇದ್ದರು, ಅವರು ಕಂಡದ್ದನ್ನು ಮುಂದಿದ್ದವರಿಗೆ ಯಾರೂ ತಿಳಿಸಲಿಲ್ಲ. ನಮ್ಮ ಮಂಗಳೂರಿನಲ್ಲಿ 2010ರ ಮೇ 22ರಂದು 158 ಜೀವಗಳನ್ನು ಕಳೆದುಕೊಂಡೆವು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು ಎಂಬುದು ತನಿಖಾ ವರದಿಯಲ್ಲಿದೆ. ಹೇಳದಿದ್ದುದು ಒಂದು ಕಡೆ, ಹೇಳಿದ್ದು ನಾಟದಿದ್ದುದು ಇನ್ನೊಂದು ಕಡೆ. ಪೈಲಟ್‌ಗಳೂ ಕ್ಯಾಬಿನ್ ಸಿಬ್ಬಂದಿಯೂ ಒಂದೇ ಕೋಣೆಯಲ್ಲಿ ಕುಳಿತು ಸಮನ್ವಯದ ತರಬೇತಿ ಪಡೆಯಬೇಕೆಂಬ ವಿಚಾರ ಇಂಥ ಸಾವುಗಳ ಮೇಲೆಯೇ ಬಲವಾಗಿ ಬೇರೂರಿದ್ದು.

ದೊಡ್ಡವರ ಮಾತಿಗೆ ಎದುರಾಡಬಾರದೆಂದು ಕಲಿತು ಬೆಳೆದ ನಮ್ಮ ಮಕ್ಕಳಿಗೆ, ನಾಲ್ಕು ಪಟ್ಟಿ ತೊಟ್ಟ ಕ್ಯಾಪ್ಟನ್ನರೆದುರು ಬಾಯಿ ತೆರೆಯುವುದು ಸುಲಭವಲ್ಲ. ಕ್ಯಾಪ್ಟನ್ ಸರ್ ಇದಕ್ಕೊಂದು ದಾರಿ ಕಂಡುಕೊಂಡರು. ಕ್ಯಾಪ್ಟನ್ ಕೂರುವ ಎಡಗಡೆಯ ಸೀಟಿನಲ್ಲಿ ತಾವೇ ಕುಳಿತು, ಬೇಕೆಂದೇ ಗದರುತ್ತಿದ್ದರು, ಉತ್ತರ ಕೊಡದೆ ಸುಮ್ಮನಿರುತ್ತಿದ್ದರು, "ಆಮೇಲೆ ಬಾ" ಎಂದು ಕೈಬೀಸುತ್ತಿದ್ದರು. ಎದುರಿಗಿದ್ದವರು ಧ್ವನಿ ಏರಿಸದೆ, ತಲೆ ತಗ್ಗಿಸದೆ, "ಸರ್, ಎಡಗಡೆ ಎಂಜಿನ್ನಿನಿಂದ ಹೊಗೆ ಬರುತ್ತಿದೆ, ನಾನೇ ಕಣ್ಣಾರೆ ನೋಡಿದ್ದೇನೆ" ಎಂದು ಪೂರ್ತಿ ಹೇಳಿ ಮುಗಿಸುವವರೆಗೂ ಅವರು ಪಟ್ಟು ಸಡಿಲಿಸುತ್ತಿರಲಿಲ್ಲ. ಮನೆಗೆ ಹೋಗುವ ಮುನ್ನ ಪ್ರತಿಯೊಬ್ಬರನ್ನೂ ಕರೆದು, ಗದರಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಮ್ಮ, ಬೇಸರ ಮಾಡಿಕೊಳ್ಳಬೇಡಪ್ಪ ಎಂದು ಹೇಳಿ ಹೋಗುತ್ತಿದ್ದರು. ಯಾವಾಗ ಮಾತಾಡಬಾರದೆಂಬುದನ್ನೂ ಅವರೇ ಕಲಿಸಿದರು. ಹತ್ತು ಸಾವಿರ ಅಡಿಗಿಂತ ಕೆಳಗೆ, ಏರುವಾಗಲೂ ಇಳಿಯುವಾಗಲೂ, ಸುರಕ್ಷತೆಗೆ ಸಂಬಂಧಿಸದ ಯಾವ ಮಾತೂ ಕಾಕ್‌ಪಿಟ್ಟಿಗೆ ಹೋಗಕೂಡದು.

ಚೆಕ್‌ಲಿಸ್ಟ್ ಓದುವುದನ್ನು ತಿದ್ದಿದವರು ಮಂಡ್ಯದ ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮೇಡಂ. ಒಂದು ಸಾಲು ಓದಿ, ಪೈಲಟ್ ನೋಡಿ ಉತ್ತರ ಕೊಡುವವರೆಗೂ ಬೆರಳನ್ನು ಆ ಸಾಲಿನ ಮೇಲೆಯೇ ಇಟ್ಟುಕೊಂಡು ಕಾಯಬೇಕು. ಉತ್ತರವನ್ನು ನಾವೇ ಊಹಿಸಿ ಮುಂದಕ್ಕೆ ಹೋಗುವಂತಿಲ್ಲ. ಉಚ್ಚಾರಣೆ ಯಾವ ದೇಶದ್ದೋ ಆಗಬೇಕಾಗಿಲ್ಲ, ಪ್ರತಿ ಅಂಕಿಯೂ ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸಿದರೆ ಸಾಕು ಎಂದು ಅವರು ಹೇಳಿದ ಮೇಲೆ, ಇಂಗ್ಲಿಷಿಗೆ ಅಂಜಿ ಬಿಟ್ಟುಹೋಗಲು ಸಿದ್ಧರಾಗಿದ್ದ ಮೂವರು ಉಳಿದುಕೊಂಡರು.

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ಬರುವ ಎಟಿಆರ್‌ನಂಥ ಸಣ್ಣ ವಿಮಾನದಲ್ಲಿ ಸಾಮಾನ್ಯವಾಗಿ ಇರುವುದು ಇಬ್ಬರೇ ಕ್ಯಾಬಿನ್ ಸಿಬ್ಬಂದಿ. ಒಬ್ಬರು ಕಾಕ್‌ಪಿಟ್ ಸೇರಿದರೆ ಎಪ್ಪತ್ತರಷ್ಟು ಪ್ರಯಾಣಿಕರೆದುರು ಉಳಿಯುವವರು ಒಬ್ಬರು. ಒಳಗಿನ ಕೆಲಸದಷ್ಟೇ ಹೊರಗಿನ ಈ ಒಂಟಿ ಕೆಲಸಕ್ಕೂ ಅಭ್ಯಾಸ ಬೇಕು, ಅದಕ್ಕೆ ಪ್ರಯಾಣಿಕರು ಬೇಕು. ನಮ್ಮ ಬೀದಿಯ ಸ್ತ್ರೀಶಕ್ತಿ ಸಂಘದ ಅಕ್ಕಂದಿರು ಕುರ್ಚಿಗಳ ಸಾಲಿನಲ್ಲಿ ಕುಳಿತು, ಅತ್ತು, ಎದ್ದು ಓಡಾಡಿ, ಏನಾಯಿತೆಂದು ಒಟ್ಟಿಗೆ ಕೂಗಿ ನಮ್ಮವರನ್ನು ಚೆನ್ನಾಗಿಯೇ ಪರೀಕ್ಷಿಸಿದರು. ಅವರಲ್ಲಿ ಹೆಚ್ಚಿನವರು ಈವರೆಗೆ ವಿಮಾನ ಹತ್ತಿಲ್ಲ. ಅವರ ಮೊದಲ ಪ್ರಯಾಣದಲ್ಲಿ ನಮ್ಮ ತಂಡದವರೊಬ್ಬರು ಬಾಗಿಲಲ್ಲಿ ನಿಂತು ಕೈಮುಗಿಯುವಂತಾಗಲಿ ಎಂಬುದು ನನ್ನ ಆಸೆ.

ಮಕ್ಕಳನ್ನು ನಂಬಿ ಕಳಿಸಿದ ತಂದೆತಾಯಂದಿರಿಗೆ, ಬಾಡಿಗೆ ಕೇಳಲು ಬಂದು ಪ್ರತಿ ಸಲವೂ ಅಭ್ಯಾಸ ನೋಡುತ್ತಾ ಕುಳಿತುಬಿಡುತ್ತಿದ್ದ ಮನೆಯ ಮಾಲೀಕರಿಗೆ, ಸೇವೆಯಿಂದ ತೆಗೆದ ಆಕ್ಸಿಜನ್ ಮಾಸ್ಕನ್ನು ಕಲಿಕೆಗೆಂದು ಕೊಟ್ಟ ನನ್ನ ಹಳೆಯ ಸಹೋದ್ಯೋಗಿಗೆ ನನ್ನ ನಮಸ್ಕಾರಗಳು. ತಂಡದ ಇಬ್ಬರು ಈಗಾಗಲೇ ಸಂದರ್ಶನದಲ್ಲಿ ಆಯ್ಕೆಯಾಗಿ ತಮ್ಮ ಸಂಸ್ಥೆಯ ತರಬೇತಿಗೆ ಹೊರಟಿದ್ದಾರೆ. ದಸರಾ ಮುಗಿದ ಮೇಲೆ ಎರಡನೆಯ ತಂಡ ಆರಂಭವಾಗುತ್ತದೆ, ಕ್ಯಾಪ್ಟನ್ ಸರ್‌ಗೆ ಮಂಡಿನೋವು ಹೆಚ್ಚಾಗಿರುವುದರಿಂದ ಎಡಗಡೆಯ ಸೀಟಿನಲ್ಲಿ ಕುಳಿತು ಗದರಲು ಇನ್ನೊಬ್ಬರು ಬೇಕಾಗಿದ್ದಾರೆ. ಮೈಸೂರು, ಮಂಡ್ಯದ ಕಡೆ ನೆಲೆಸಿರುವ ನಿವೃತ್ತ ಪೈಲಟ್‌ಗಳು ಯಾರಾದರೂ ಭಾನುವಾರದ ಬೆಳಗಿನ ಎರಡು ಗಂಟೆ ಬಿಡುವು ಮಾಡಿಕೊಂಡು ಬಂದರೆ, ಆ ಉಪಕಾರವನ್ನು ನಾವು ಮರೆಯುವುದಿಲ್ಲ.