ಹಲ್ಲಿನ ತಂತಿ ಮರೆಮಾಡದ ಗಾಯಕಿ

ಮಾನ್ಯ ಸಂಪಾದಕರೇ,

ಪಂಕ್ ರಾಕ್ ಎಂಬ ಬಂಡಾಯದ ಸಂಗೀತ ಎಂದೊಡನೆ ಲಂಡನ್ನಿನ ಗಂಡಸರ ತಂಡಗಳನ್ನಷ್ಟೇ ನೆನೆಯುವ ರೂಢಿಯಿಂದಾಗಿ ಬ್ರಿಟಿಷ್ ಗಾಯಕಿ ಪಾಲಿ ಸ್ಟೈರೀನ್ ಹೆಸರು ಹಿಂದೆ ಸರಿದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. 1957ರಲ್ಲಿ ಸೊಮಾಲಿ ತಂದೆ ಹಾಗೂ ಬ್ರಿಟಿಷ್ ತಾಯಿಗೆ ಜನಿಸಿದ ಅವರು, ತಮ್ಮ 19ನೇ ಹುಟ್ಟುಹಬ್ಬದಂದು ಹೇಸ್ಟಿಂಗ್ಸ್ ಊರಿನಲ್ಲಿ ಸೆಕ್ಸ್ ಪಿಸ್ತೂಲ್ಸ್ ಎಂಬ ಪಂಕ್ ತಂಡದ ಕಾರ್ಯಕ್ರಮ ಕಂಡು, ಬಳಿಕ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಜೊತೆಗಾರರನ್ನು ಹುಡುಕಿ, ಎಕ್ಸ್-ರೇ ಸ್ಪೆಕ್ಸ್ ತಂಡವನ್ನು ಕಟ್ಟಿದರು. ಹಲ್ಲಿಗೆ ಹಾಕಿಸಿದ್ದ ತಂತಿಯನ್ನು ಮುಚ್ಚಿಡದೆ, ಕಣ್ಣು ಕುಕ್ಕುವ ಬಣ್ಣದ ಉಡುಪು ತೊಟ್ಟು, ಸ್ಯಾಕ್ಸೊಫೋನಿನ ಅಬ್ಬರವನ್ನೂ ಮೀರಿಸುವ ಗಂಟಲಿನಲ್ಲಿ ಅವರು ಪ್ಲಾಸ್ಟಿಕ್ ಮೋಹವನ್ನೂ ಕೊಳ್ಳುಬಾಕತನವನ್ನೂ ಪ್ರಶ್ನಿಸಿದ್ದು 1977–78ರಷ್ಟು ಹಿಂದೆಯೇ! ಆ ದಿನಗಳಲ್ಲೇ ಅವರ ಬೈಪೋಲಾರ್ ಕಾಯಿಲೆಯನ್ನು (ಮನಸ್ಸು ಅತಿ ಉತ್ಸಾಹ ಮತ್ತು ಖಿನ್ನತೆಗಳ ನಡುವೆ ಹೊಯ್ದಾಡುವ ಸ್ಥಿತಿ) ವೈದ್ಯರು ಸ್ಕಿಜೋಫ್ರೇನಿಯಾ ಎಂಬ ಬೇರೊಂದು ಮನೋರೋಗ ಎಂದು ತಪ್ಪಾಗಿ ಗುರುತಿಸಿದ್ದರು. ಮುಂದೆ ಹರೇಕೃಷ್ಣ ಪಂಥದತ್ತ ಹೊರಳಿದರೂ ಹಾಡುವುದನ್ನು ಬಿಡದ ಅವರ ಕೊನೆಯ ಆಲ್ಬಂ, 2011ರ ಏಪ್ರಿಲ್‌ನಲ್ಲಿ ಸ್ತನ ಕ್ಯಾನ್ಸರ್‌ನಿಂದ ಅವರು ತೀರಿಕೊಳ್ಳುವ ಕೆಲವೇ ವಾರಗಳ ಮುಂಚೆ ಬಿಡುಗಡೆಯಾಗಿತ್ತು.

— ಓರ್ವ ಓದುಗ